ಎರಡು ನನಗೆ, ಎರಡು ನಿನಗೆ

ಇದು ಹೋದ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಮಾರ್ಸೇ ಪಕ್ಕದ ನಮ್ಮ ಕೊಲ್ಲಿಯಲ್ಲಿ, ನಡುಮಧ್ಯಾಹ್ನ ನನಗೇ ಆದದ್ದು.

ವರ್ಷಗಳ ಹಿಂದೆ ಡೈವಿಂಗಿಗೆ ಇಳಿದ ಅಜ್ಜ ಸಮುದ್ರದಲ್ಲೇ ಉಳಿದುಹೋಗಿದ್ದ. ಮೀನುಗಾರರ ಬಲೆಗೆ ಸಿಕ್ಕಿದ್ದು ಬೆನ್ನಿನ ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ಅವನ ಎರಡು ಪೈಪಿನ ರೆಗ್ಯುಲೇಟರ್ ಮಾತ್ರ. ಅದರಲ್ಲಿ ಗುಳ್ಳೆಗಳು ತಲೆಯ ಹಿಂದಿನಿಂದ ಹೋಗುತ್ತವೆ, ಮುಂದೆಲ್ಲ ಮೌನ, ಮೀನುಗಳು ಕೆನ್ನೆಯವರೆಗೂ ಬರುತ್ತವೆ. ಹಾಗೆ ಮೀನುಗಳ ನಡುವೆ ಇಳಿಯುವ ಆಸೆ ನನ್ನನ್ನು ಕೂರಗೊಡಲಿಲ್ಲ. ಅದನ್ನು ರಿಪೇರಿ ಮಾಡಿಸಿ ಒಂದು ಹಳೇ ಸಿಲಿಂಡರಿಗೆ ಜೋಡಿಸಿದೆ.

"ಆನೆ ಸೊಂಡಿಲು ಕಚ್ಕೊಂಡು ಹೊರಟ್ಯೇನೇ ಸೊಲಾಂಜ್?" ದೋಣಿಯಲ್ಲಿದ್ದ ಒನೊರೆ ಮಾವ ನಕ್ಕ. "ನಿಮ್ಮಜ್ಜಿಗೆ ಗೊತ್ತಾದ್ರೆ ಮೀನಿನ ಬದಲು ನನ್ನನ್ನೇ ಸಾರು ಮಾಡ್ತಾಳೆ!"

ಬಾಯಿಗಿಟ್ಟಾಗ ರಬ್ಬರು ಬೆಚ್ಚಗಿತ್ತು. ಬಿಸಿಲಿಗೆ ಅಂದುಕೊಂಡೆ. ಇಪ್ಪತ್ತು ಮೀಟರ್ ಕೆಳಗೂ ಬೆಚ್ಚಗೇ ಇತ್ತು.

ಅಲ್ಲಿ ಉಸಿರು ಬಿಗಿಯಿತು. ಹಳೇ ಸಿಲಿಂಡರಿನಲ್ಲಿ ಗಾಳಿ ಮುಗಿಯುವಾಗ ಸೊಂಟದ ಬಳಿಯ ಕಂಬಿ ಎಳೆದರೆ ಕಾದಿಟ್ಟ ಗಾಳಿ ಬರುತ್ತದೆ. ಕೈ ಹಾಕಿದೆ. ಕಂಬಿ ಆಗಲೇ ಕೆಳಗಿತ್ತು. ಇಳಿಯುವ ಮೊದಲು ಮೇಲೆತ್ತಲು ಮರೆತಿದ್ದೆ. ಕಾದಿಟ್ಟದ್ದೂ ಮುಗಿದಿತ್ತು.

ಲಂಗರಿನ ಹಗ್ಗ ಹಿಡಿದೆ. ಆಗ ಗಾಳಿ ಬಂತು. ಎರಡು ಉಸಿರು ಬಂದು ನಿಂತಿತು. ಎರಡು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಎರಡು. ಒಂದೇ ಸಿಲಿಂಡರನ್ನು ಇಬ್ಬರು ಹಂಚಿಕೊಳ್ಳುವಾಗ ಎರಡು ನನಗೆ, ಎರಡು ನಿನಗೆ ಅನ್ನೋದೇ ಲೆಕ್ಕ ಎಂದು ಅಜ್ಜಿ ಅಜ್ಜನ ಕಥೆಗಳಲ್ಲಿ ಹೇಳುತ್ತಿದ್ದಳು. ಗಾಳಿ ಬಂದಾಗ ಮೇಲೇರಿದೆ, ನಿಂತಾಗಲೆಲ್ಲ ನಾನೂ ಹಗ್ಗ ಹಿಡಿದು ಉಸಿರು ಕಟ್ಟಿ ನಿಂತೆ. ಹಿಂದಕ್ಕೆ ತಿರುಗಲಿಲ್ಲ.

ದೋಣಿ ಹತ್ತಿದಾಗ ಮಾವ ನಿರಾಳವಾಗಿ ಆಲಿವ್ ತಿನ್ನುತ್ತಿದ್ದ.

"ಗುಳ್ಳೆ ನಿಂತಾಗ ಗಾಬರಿ ಆಗ್ಲಿಲ್ವಾ ನಿನಗೆ? ನನ್ನ ಉಸಿರು ಎಷ್ಟು ಸಲ ನಿಂತಿತ್ತು ಗೊತ್ತಾ?" ಎಂದೆ.

"ಸುಳ್ಳು ಹೇಳ್ಬೇಡ ಕಣೇ," ಎಂದ. "ಹಗ್ಗದ ಪಕ್ಕ ಗುಳ್ಳೆ ನೋಡ್ತಾನೇ ಇದ್ದೆ. ಒಂದು ಸಲವೂ ನಿಲ್ಲಲಿಲ್ಲ."