ನಡೆಯದ ಹಬ್ಬದ ನೇರಳೆ ಬಟ್ಟೆ

ಮೊದಲಿಗೆ ಒಂದು ಗಂಭೀರ ಪ್ರಶ್ನೆ. ಓರಗೆಯವರೆಲ್ಲ ಪದವಿ ಪಡೆದು ಹೋದ ಮೇಲೆ, ಬಾಕಿ ಉಳಿದ ಒಂದೇ ಒಂದು ವಿಷಯಕ್ಕಾಗಿ ಮೊದಲ ವರ್ಷದ ಮಕ್ಕಳ ತರಗತಿಗೆ ಬಂದವಳು ಯಾವ ಬೆಂಚಿನಲ್ಲಿ ಕೂರಬೇಕು? ಮುಂದೆ ಕೂತರೆ ಅಜ್ಜಿ ಅಂದಾರು. ಹಿಂದೆ ಕೂತರೆ ಹಳೇ ಪಾಪಿ ಅಂದಾರು. ಮಧ್ಯೆ ಕೂತರೆ ಎರಡೂ ಕಡೆಯವರಿಗೆ ಅನುಕೂಲ. ನೈಜೀರಿಯಾದ ಯಾವ ವಿಶ್ವವಿದ್ಯಾಲಯವೂ ಈ ಬಗ್ಗೆ ಇನ್ನೂ ನಿಯಮ ಮಾಡಿಲ್ಲ.

ಇಬಿದುನ್ ಆ ಸೋಮವಾರ ಬಾಗಿಲಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದಳು. ಅಮ್ಮನ ಹಳೆಯ ಗೌನು, ತೋಳಿನಲ್ಲಿ ದೊಡ್ಡ ಚೀಲ. ಹೈಸ್ಕೂಲಿನ ಅಭ್ಯಾಸ ಇನ್ನೂ ಬಿಡದ ಇಡೀ ತರಗತಿ ಧಡಕ್ಕನೆ ಎದ್ದು ನಿಂತಿತು.

"ಗುಡ್ ಮಾರ್ನಿಂಗ್, ಮ್ಯಾಮ್!"

'ಅಯ್ಯೋ ದೇವರೇ... ನಾನು ಟೀಚರಲ್ಲ ಅಂತ ಹೇಳಿಬಿಡು. ಈಗಲೇ ಹೇಳಿಬಿಡು!'

"ಕೂತ್ಕೊಳ್ಳಿ," ಎಂದಳು ಇಬಿದುನ್.

ಒಬ್ಬ ಹುಡುಗಿ ಓಡಿಬಂದು ಬೋರ್ಡು ಒರೆಸಿ, ಗೌರವದಿಂದ ಮಂಡಿ ಬಗ್ಗಿಸಿ, ಮಾರ್ಕರ್ ಕೈಗಿಟ್ಟಳು. ಇಬಿದುನ್ ಅದನ್ನೂ ತೆಗೆದುಕೊಂಡಳು! 'ಸಂಖ್ಯಾಶಾಸ್ತ್ರ' ಎಂದು ಬರೆದಳು. ಮುಂದೇನೆಂದು ತೋಚದೆ ಕೆಳಗೊಂದು ಗೆರೆ ಎಳೆದಳು. ಗೆರೆ ನೆಟ್ಟಗೆ ಬಂತು. ಆ ದಿನ ನೆಟ್ಟಗೆ ಬಂದದ್ದು ಅದೊಂದೇ.

ಬಾಗಿಲಲ್ಲಿ ಯಾರೋ ಕೆಮ್ಮಿದರು.

ತಿರುಗಿ ನೋಡಿದಳು.

ಗೊಕೆ...!

ಇದೇ ಕಾಲೇಜಿನಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದ ಗೊಕೆ. ಸರಾಸರಿ ಎಂದರೇನೆಂದು ಅವಳು ಅಲಸಂದೆ ವಡೆ ಹಂಚಿ ಕಲಿಸಿದ್ದ, ಕಲಿಯುವಾಗ ಅರ್ಧ ವಡೆ ತಾನೇ ತಿಂದುಬಿಡುತ್ತಿದ್ದ ಗೊಕೆ. ಎರಡು ವರ್ಷ ಅವಳು ಯಾರ ಫೋನನ್ನೂ ತೆಗೆಯದಿದ್ದಳೋ ಆ ಗೊಕೆ. ಈಗ ಇಸ್ತ್ರಿ ಅಂಗಿ ತೊಟ್ಟು, ಕೊರಳಿಗೆ ಅಧ್ಯಾಪಕರ ಗುರುತಿನ ಚೀಟಿ ಹಾಕಿಕೊಂಡು ನಿಂತಿದ್ದ.

ಅವನ ಮುಖ ಒಂದು ಕ್ಷಣ ಬೆಳಗಿತು. ಆಮೇಲೆ ಮೆಲ್ಲಗೆ ಅಂದ: "ಮುಂದುವರಿಸಿ ಮ್ಯಾಮ್... ನಾನು ಹಿಂದೆ ಕೂತು ಕಲೀತೀನಿ."

ತರಗತಿ ಗೊಳ್ಳೆಂದಿತು. ಇಬಿದುನ್ ಮಾರ್ಕರನ್ನು ಅವನ ಕೈಗೆ ಕೊಟ್ಟು ಕೊನೆಯ ಬೆಂಚಿಗೆ ನಡೆದಳು. ಎಲ್ಲಿ ಕೂರಬೇಕೆಂಬ ಪ್ರಶ್ನೆ ಹೀಗೆ ಬಗೆಹರಿಯಿತು.

'ಎಲ್ಲರ ಮುಂದೆ ಹಾಸ್ಯ ಮಾಡಿದ... ಮಾಡಲಿ. ಅದಕ್ಕಿಂತ ಹೆಚ್ಚಿನದಕ್ಕೆ ನಾನು ಯೋಗ್ಯಳಾ?'

* * *

ಎರಡು ವರ್ಷದ ಹಿಂದೆ, ಕೊನೆಯ ಪರೀಕ್ಷೆಗೆ ಮುಂಚೆ, ಅವಳ ಅಮ್ಮನಿಗೆ ಲಕ್ವ ಹೊಡೆದಿತ್ತು. ಇಲೆಶಾ ಪೇಟೆಯಲ್ಲೇ ಹೆಸರಾದ ದರ್ಜಿಯ ಬಲಗೈ ಬಿದ್ದುಹೋಯಿತು. ಕೊನೆಗೆಂದು ಉಳಿಸಿಕೊಂಡಿದ್ದ ಮೊದಲ ವರ್ಷದ ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ಇಬಿದುನ್ ಬರೆಯಲಿಲ್ಲ; ವಿಷಯ ಬಿಡುತ್ತೇನೆಂದು ಗಡುವಿನೊಳಗೆ ಹೇಳಿದ್ದರೆ ಎಫ್ ತಪ್ಪುತ್ತಿತ್ತು, ಅದನ್ನೂ ಹೇಳಲಿಲ್ಲ. ಎಫ್ ಬಿತ್ತು. ಅವಳ ಕಾಲೇಜಿನಲ್ಲಿ ಎರಡನೇ ಸಲವೂ ಎಫ್ ಬಿದ್ದರೆ ಮುಗಿಯಿತು, ಪದವಿಯೇ ಇಲ್ಲ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಬಟ್ಟೆಯನ್ನು ನುಂಗುವುದು ಹೇಗೆ?

ಮಗಳ ಪದವಿ ಹಬ್ಬಕ್ಕೆಂದು ಅಮ್ಮ ಆರಿಸಿದ್ದ ಬಟ್ಟೆ ಅದು. ನೇರಳೆ ಮೈ, ಹಳದಿ ಹಕ್ಕಿ. ನೆಂಟರು, ಚರ್ಚಿನ ಹೆಂಗಸರು, ಇಬಿದುನ್‌ಳ ಗೆಳೆಯರು, ಅಲ್ಲಿನ ರೂಢಿಯಂತೆ ಎಲ್ಲರಿಗೂ ಒಂದೇ ಬಟ್ಟೆ. ಎಲ್ಲವನ್ನೂ ಅಮ್ಮ ಮೊದಲೇ ಹೊಲಿದು ಹಂಚಿ ಮುಗಿಸಿದ್ದಳು. ಹಬ್ಬ ನಡೆಯಲಿಲ್ಲ. ಆದರೆ ಹೊಲಿದ ಬಟ್ಟೆಯನ್ನು ಯಾರು ಪೆಟ್ಟಿಗೆಯಲ್ಲಿಡುತ್ತಾರೆ? ಈಗ ಊರಿನ ಪ್ರತಿ ಮದುವೆಯಲ್ಲೂ, ಮೀನಿನ ಅಂಗಡಿಯಲ್ಲೂ, ಬಸ್ಸಿನಲ್ಲೂ ಇಬಿದುನ್‌ಳ ನಡೆಯದ ಹಬ್ಬ ಓಡಾಡುತ್ತಿತ್ತು. ದೂರದಲ್ಲಿ ನೇರಳೆ ಕಂಡರೆ ಅವಳು ಓಣಿ ಬದಲಿಸುತ್ತಿದ್ದಳು.

* * *

ಬೆಳಿಗ್ಗೆ ಎಂಟಕ್ಕೆ ತರಗತಿ. ಅದೇ ಹೊತ್ತಿಗೆ ಅಮ್ಮನ ಸ್ನಾನ, ಕೈಕಾಲು ನೀವುವುದು, ಗಂಜಿ ಕುಡಿಸುವುದು. ಇಬಿದುನ್ ಬಂದರೆ ತಡ, ಇಲ್ಲವಾದರೆ ಇಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ತನ್ನ ಹೆಸರನ್ನು ಮಾತ್ರ ಸರಿಯಾಗಿ ಬರೆದಳು.

ಗೊಕೆ ಅವಳನ್ನು ಪಡಸಾಲೆಯಲ್ಲಿ ತಡೆದ.

"ಇಬಿ, ಏನಾಗಿದೆ ನಿನಗೆ? ಈ ಲೆಕ್ಕ ನನಗೆ ಕಲಿಸಿದವಳು ನೀನು!"

"ಏನೂ ಆಗಿಲ್ಲ, ಸರ್."

"ಸರ್ ಅಂತೆ! ಕೇಳಿಲ್ಲಿ... ಈ ವಿಷಯ ಬಿಟ್ಟುಬಿಡು. ಮುಂದಿನ ವರ್ಷ ತಗೋ. ಬಿಡೋಕೆ ಶುಕ್ರವಾರದ ತನಕ ಟೈಮಿದೆ."

ಅವಳ ಕಿವಿ ಬಿಸಿಯಾಯಿತು. 'ನನ್ನ ಮುಖ ನೋಡೋಕೆ ಇವನಿಗೇ ನಾಚಿಕೆ. ಹೊರಗೆ ಹಾಕ್ತಿದ್ದಾನೆ...'

"ನನ್ನಂಥವಳು ನಿಮ್ಮ ಕ್ಲಾಸಲ್ಲಿ ಇದ್ರೆ ನಿಮಗೆ ಅವಮಾನ, ಅಲ್ವಾ ಸರ್?"

"ಇಬಿ, ನಾನು ಹಾಗೆ..."

"ಬಿಡಲ್ಲ. ಫೇಲ್ ಮಾಡಿ. ಕೈ ನೋಯೋ ಹಾಗೆ ಫೇಲ್ ಮಾಡಿ!"

ಹೀಗೆ, ಮರ್ಯಾದೆ ಉಳಿಸಿಕೊಳ್ಳುವ ಸಲುವಾಗಿ ಇಬಿದುನ್ ಫೇಲಾಗುವುದೆಂದು ತೀರ್ಮಾನಿಸಿದಳು. ಅವಳಿಗೆ ಆಗ ಇದರಲ್ಲಿ ಏನೂ ತಪ್ಪು ಕಾಣಿಸಲಿಲ್ಲ.

* * *

ಬುಧವಾರ ಮಧ್ಯಾಹ್ನ ಚರ್ಚಿನ ಇಬ್ಬರು ಹೆಂಗಸರು ಅಮ್ಮನನ್ನು ನೋಡಲು ಬಂದರು. ಉಟ್ಟಿದ್ದು ಅದೇ ನೇರಳೆ.

"ಏನಮ್ಮಾ ಇಬಿದುನ್, ಈ ವರ್ಷ ಗ್ಯಾರಂಟಿ ತಾನೇ? ಈ ಸಲ ಹಸಿರು ತೆಗೆಸು ಮಗಳೇ, ನೇರಳೆ ನನಗೆ ಒಪ್ಪಲ್ಲ ಅಂತ ಯಜಮಾನ್ರು ಅಂತಾರೆ."

"ಮೊದಲು ಪದವಿ ಬರಲಿ ಬಿಡೇ! ಆ ಬಟ್ಟೆ ಇನ್ನೂ ಹರಿದಿಲ್ಲ ನಿಂದು," ಎಂದಳು ಇನ್ನೊಬ್ಬಳು.

ಅವರು ಹೋದ ಮೇಲೆ ಇಬಿದುನ್ ಜಗಲಿಯಲ್ಲಿದ್ದ ಅಮ್ಮನ ಕುರ್ಚಿಯ ಬಳಿ ಕುಸಿದು ಕೂತಳು.

"ಅಮ್ಮಾ... ಈ ವರ್ಷಾನೂ ಆಗಲ್ಲ. ನನ್ನ ಕೈಲಿ ಆಗ್ತಿಲ್ಲ."

ಅಮ್ಮನ ಬಾಯಿ ಒಂದು ಪಕ್ಕ ಮಾತ್ರ ಆಡುತ್ತಿತ್ತು. ಆದರೆ ಆ ಒಂದು ಪಕ್ಕದಲ್ಲಿ ಮೊನಚು ಹಾಗೇ ಇತ್ತು.

"ಗೊತ್ತು... ನನ್ನ ತಲೆ ತೊಳೀತಾ... ಯಾವ್ದೋ ಸೂತ್ರ ಹೇಳ್ಕೋತೀಯ. ಸೋಪು ಕಣ್ಣಿಗೆ ಬಿಡ್ತೀಯ."

ಇಬಿದುನ್ ಅಳುತ್ತಲೇ ನಕ್ಕಳು.

"ಆ ಪಾಠ... ಈ ವರ್ಷ ಬಿಡು," ಎಂದಳು ಅಮ್ಮ. "ಒಂದು ಸಲಕ್ಕೆ... ಒಂದು ಬಟ್ಟೆ ಹೊಲಿ."

ಗೇಟಿನ ಹೊರಗೆ ಯಾರೋ ಚಪ್ಪಾಳೆ ತಟ್ಟಿ ಕರೆದರು.

ಇಬಿದುನ್ ಎದ್ದು ನೋಡಿದಳು. ಉರಿಬಿಸಿಲಲ್ಲಿ ಗೊಕೆ ನಿಂತಿದ್ದ. ತೊಟ್ಟಿದ್ದು ನೇರಳೆ ಅಂಗಿ, ಹಳದಿ ಹಕ್ಕಿ. ಆದರೆ ಊರಲ್ಲಿ ಓಡಾಡುವ ಮಾಸಲು ನೇರಳೆಯಲ್ಲ. ಮಡಿಕೆಯ ಗೆರೆಯೂ ಅಳಿಯದ ಹೊಸ ನೇರಳೆ.

ಅವನು ಅಮ್ಮನನ್ನು ಕಂಡವನೇ ಗೇಟಿನ ಹೊರಗೇ, ಕೆಂಪು ಧೂಳಿನಲ್ಲಿ, ಉದ್ದಕ್ಕೆ ಅಡ್ಡಬಿದ್ದ.

"ಒಳಗೆ ಬಾರೋ..." ಎಂದಳು ಅಮ್ಮ.

"ಬರೋ ಹಾಗಿಲ್ಲಮ್ಮ. ನಿಮ್ಮ ಮಗಳು ನನ್ನ ಕ್ಲಾಸಲ್ಲಿದ್ದಾಳೆ. ವಿದ್ಯಾರ್ಥಿನಿ ಮನೆಗೆ ಮೇಷ್ಟ್ರು ಹೋದ ಅಂತ ಆದ್ರೆ, ನಾಳೆ ಅವಳು ಪಾಸಾದ್ರೂ ಜನ ನಂಬಲ್ಲ."

ಇಬಿದುನ್ ಗೇಟಿನ ಕಂಬಿ ಹಿಡಿದು ನಿಂತಳು. ಒಳಗೆ ಅವಳು, ಹೊರಗೆ ಅವನು.

"ಅಮ್ಮನ ವಿಷಯ ಯಾರು ಹೇಳಿದ್ರು?"

"ಪೇಟೆಯಲ್ಲಿ ನಿನ್ನ ಹಬ್ಬದ ಬಟ್ಟೆ ಉಟ್ಟಿದ್ದ ಹೆಂಗಸು. ಎರಡು ವರ್ಷ, ಇಬಿ! ಪದವಿ ಆದ ಕೂಡ್ಲೇ ಕೆಲಸ ಅಂತ ನನ್ನನ್ನ ದೇಶದ ಉತ್ತರದ ತುದಿಗೆ ಹಾಕಿದ್ರು. ನೀನು ಫೋನ್ ತೆಗೀಲಿಲ್ಲ. ನಾನು ಬೇಡವಾದೆ ಅಂದ್ಕೊಂಡೆ."

"ನಾಚಿಕೆ ಆಯ್ತು..." ಅವಳು ಕಂಬಿಗೆ ಹಣೆ ಆನಿಸಿದಳು. "ನೀವೆಲ್ಲ ಮುಂದೆ ಹೋದ್ರಿ. ನಾನು ಒಂದು ಬಕೆಟ್ ನೀರು ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಏನಂತ ಹೇಳ್ಲಿ? ಅವತ್ತು ನೀನು ಎಲ್ಲರ ಮುಂದೆ ನಗಾಡಿದಾಗ..."

"ನಗಾಡಲಿಲ್ಲ ಕಣೇ! ನಿನ್ನನ್ನ ಬೋರ್ಡಿನ ಹತ್ರ ನೋಡಿ, ಸದ್ಯ, ಇವತ್ತು ಪಾಠ ಅರ್ಥ ಆಗತ್ತೆ ಅನ್ನಿಸ್ತು. ಬಿಟ್ಟುಬಿಡು ಅಂದದ್ದೂ ಅಷ್ಟೇ. ನಿನ್ನ ಹೆಸರಿನ ಮುಂದೆ ಎಫ್ ಬರೆಯೋಕೆ ನನ್ನ ಕೈಲಾಗಲ್ಲ. ಸುಳ್ಳು ಎ ಬರೆದ್ರೆ ನೀನು ನನ್ನ ಕೈ ಮುರೀತೀಯ."

"ಮುರೀತೀನಿ."

ಅವಳ ಕಣ್ಣು ಅವನ ಅಂಗಿಯ ಮೇಲೆ ನಿಂತಿತು. "ಇದನ್ನ... ಒಂದು ಸಲಾನೂ ಹಾಕಿರಲಿಲ್ವಾ?"

"ನಿನ್ನ ಹಬ್ಬಕ್ಕೆ ಅಂತ ಹೊಲಿಸಿದ್ದು. ಬೇರೆಯವರ ಮದುವೆಗೆ ಹೇಗೆ ಹಾಕ್ಕೊಳ್ಳಲಿ? ಇವತ್ತು ನಿನಗೆ ತೋರಿಸೋಕೆ ಹಾಕಿದೆ. ವಾಪಸ್ಸು ಮಡಚಿ ಇಡ್ತೀನಿ."

ಜಗಲಿಯಿಂದ ಅಮ್ಮ ಕೂಗಿದಳು: "ಹೊಟ್ಟೆ ಹತ್ರ... ಬಿಗಿ ಆಗಿದೆ. ಬಿಚ್ಚಿ ಹೊಲೀಬೇಕು."

ಗೊಕೆ ಹೊಟ್ಟೆ ಒಳಗೆಳೆದುಕೊಂಡ. ಇಬಿದುನ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳಿಗೆ ನೇರಳೆ ಬಣ್ಣವನ್ನು ನೆಟ್ಟಗೆ ನೋಡಲು ಸಾಧ್ಯವಾಗಿತ್ತು.

"ನಾಳೆ ಹೋಗಿ ಆ ವಿಷಯ ಬಿಟ್ಟುಬರ್ತೀನಿ," ಎಂದಳು. "ನಿನಗೋಸ್ಕರ ಅಲ್ಲ. ಅಮ್ಮನ ಸ್ನಾನಕ್ಕೋಸ್ಕರ."

"ಸರಿ."

"ಸ್ವಲ್ಪ ನಿನಗೋಸ್ಕರಾನೂ..."

"ಹಾಗಾದ್ರೆ ನಾಡಿದ್ದು ಒಳಗೆ ಬರಬಹುದಾ?"

"ಬಾ. ಬರ್ತಾ ವಡೆ ತಗೊಂಡ್ಬಾ. ದಾರೀಲಿ ತಿನ್ನಬೇಡ."

ಇಬಿದುನ್ ಆ ವಿಷಯ ಬಿಟ್ಟಳು. ಮರುವರ್ಷ ಬೇರೊಬ್ಬ ಅಧ್ಯಾಪಕರ ತರಗತಿಯಲ್ಲಿ ಕೂತು ಪರೀಕ್ಷೆ ಬರೆದಳು. ಸಿ ಬಂತು. ಪದವಿಗೂ, ಮಡಚಿಟ್ಟ ನೇರಳೆ ಅಂಗಿ ಹೊರತೆಗೆಯುವುದಕ್ಕೂ ಅಷ್ಟು ಸಾಕಾಗಿತ್ತು.