ನೀಲಿಪೇಟೆಯ ದಿಡ್ಡಿ

ಮಧ್ಯಾಹ್ನದ ಪಾಳಿಯ ಸೈರನ್ ಕೂಗುವ ಹೊತ್ತಿಗೆ ಹುಲಿಗೆಮ್ಮನ ಮನೆಯ ಗೋಡೆಗೆ ಹಾಕಿದ್ದ ದಿಡ್ಡಿಯ ದೀಪ ಹಸಿರಿನಿಂದ ಕೆಂಪಿಗೆ ತಿರುಗಿತು. ಹೊರಗಿನವರನ್ನು ತಡೆಯುವ ಅಂಗೈಯಗಲದ ಪೆಟ್ಟಿಗೆ ಅದು. ಹುಲಿಗೆಮ್ಮ ತಟ್ಟೆ ಬಿಟ್ಟು ಎದ್ದು ಬಾಗಿಲಿಗೆ ಬಂದಳು. ಎದುರು ಮನೆಯಲ್ಲೂ ಕೆಂಪು, ಪಕ್ಕದ ಮನೆಯಲ್ಲೂ ಕೆಂಪು. ಯಾರೋ ಹೊರಗಿನವರು ಮನೆಮನೆಯ ಯಂತ್ರಗಳನ್ನು ಜೋಡಿಸಿದ ಜಾಲದೊಳಕ್ಕೆ ಕೈ ಹಾಕಿದ್ದರು. ಅವಳ ಬಾಯಲ್ಲಿದ್ದ ತುತ್ತು ಗಂಟಲಿಗೆ ಇಳಿಯುವಷ್ಟರಲ್ಲಿ ನೀಲಿಪೇಟೆಯ ಎಲ್ಲ ಮನೆಗಳೂ ಅವರ ಮುಖದ ಮೇಲೆ ಬಾಗಿಲು ಹಾಕಿಯಾಗಿತ್ತು.

“ಸಾಯಲಿ ಅತ್ಲಾಗ,” ಎಂದು ಹುಲಿಗೆಮ್ಮ ಮತ್ತೆ ಊಟಕ್ಕೆ ಕೂತಳು.

ಬಳ್ಳಾರಿಯ ಹೊರಗೆ, ಜೀನ್ಸ್ ಬಟ್ಟೆಗೆ ಬಣ್ಣ ಹಾಕುವ ದೊಡ್ಡ ಕಾರ್ಖಾನೆಯ ಬೆನ್ನಿಗೆ ಬೆಳೆದ ಬಡಾವಣೆ ನೀಲಿಪೇಟೆ. ಅಲ್ಲಿನ ಕೆಲಸಗಾರರೆಲ್ಲ ಕೊರಳಲ್ಲಿ ಉಸಿರು ಅಳೆಯುವ ಒಂದು ಬಿಲ್ಲೆ ಕಟ್ಟಿಕೊಳ್ಳುತ್ತಿದ್ದರು. ಕಾರ್ಖಾನೆಯ ವೈದ್ಯರ ವರದಿಯನ್ನು ನಂಬುವ ಕಾಲ ಮುಗಿದಿತ್ತು. ಬಿಲ್ಲೆ ಬರೆದುಕೊಂಡ ಲೆಕ್ಕವನ್ನು ಅವರು ಯಾವ ದೊಡ್ಡ ಸರ್ವರ್‌ನಲ್ಲೂ ಇಡುತ್ತಿರಲಿಲ್ಲ. ಒಂದೊಂದು ಕಡತವನ್ನೂ ಚೂರು ಮಾಡಿ ಮನೆಮನೆಯ ಯಂತ್ರಗಳಲ್ಲಿ ಹಂಚಿ ಇಡುತ್ತಿದ್ದರು. ಬೇಕಾದವರು ಬೇಕಾದ ಚೂರನ್ನು ನೇರವಾಗಿ ಆ ಮನೆಯಿಂದಲೇ ಪಡೆಯಬಹುದು. ಅಳಿಸಿ ಹಾಕಲು ಒಂದು ಜಾಗವೇ ಇಲ್ಲದ್ದು ಇದರ ಬಲ. ಆದರೆ ಕೇಳಿದವನಿಗೆ ಚೂರು ಯಾವ ಮನೆಯಿಂದ ಬಂತೆಂಬುದೂ ಕಾಣುತ್ತದೆ. ಕಾರ್ಖಾನೆ ಬಾಡಿಗೆ ಬೇಹುಗಾರರನ್ನು ಹಿಡಿದು, ಕೆಲಸಗಾರರ ವೇಷದಲ್ಲಿ ಜಾಲಕ್ಕೆ ಇಳಿಸಿತು. ಯಾರ ಮನೆಯಿಂದ ಚೂರು ಬಂತೋ ಅವರಿಗೆ ಮರುದಿನ ಗೇಟಿನಲ್ಲಿ ಪ್ರವೇಶವಿರಲಿಲ್ಲ. ಯರ್ರಿಸ್ವಾಮಿಯ ತಮ್ಮ ಹಾಗೆ ಕೆಲಸ ಕಳೆದುಕೊಂಡವರಲ್ಲಿ ಒಬ್ಬ. ಯರ್ರಿಸ್ವಾಮಿ ಕೆಲಸಗಾರರ ಸಂಘದ ಮುಂದಾಳು. ಅವನು ಅದನ್ನು ಮರೆಯಲಿಲ್ಲ.

ದಿಡ್ಡಿಯನ್ನು ಮಾಡಿಕೊಟ್ಟವಳು ಸಿಂಚನಾ ಸಿರಿಗೇರಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಜಾಲತಂತ್ರ ಕಲಿಸುತ್ತಿದ್ದಳು. ಒಳಬರುವ ಹೊರಹೋಗುವ ಮಾಹಿತಿಯನ್ನು ತಡೆದು ನೋಡುವ ಫೈರ್‌ವಾಲ್ ಹಳೆಯದು. ಬಿಡಬಾರದವರ ವಿಳಾಸ ಬರೆದಿಡುವ ತಡೆಪಟ್ಟಿಯೂ ಹಳೆಯದೇ. ಆದರೆ ಪಟ್ಟಿ ಮನೆಗೆ ಬರುವುದರೊಳಗೆ ಬೇಹುಗಾರ ವಿಳಾಸ ಬದಲಿಸಿರುತ್ತಿದ್ದ. ಸಿಂಚನಾಳ ದಿಡ್ಡಿ ವಿಳಾಸವನ್ನಷ್ಟೇ ನೋಡುತ್ತಿರಲಿಲ್ಲ, ನಡತೆಯನ್ನೂ ನೋಡುತ್ತಿತ್ತು. ಎಲ್ಲರ ಮನೆ ಮುಟ್ಟಿ, ಏನೂ ಕೊಡದೆ, ಬರೀ ಬಾಚಿಕೊಳ್ಳುವವನು ಬೇಹುಗಾರ. ಒಂದು ಮನೆಗೆ ಅನುಮಾನ ಬಂದರೆ ಅವನ ಯಂತ್ರದ ಗುರುತು ಎಲ್ಲ ಮನೆಗಳ ಪಟ್ಟಿಗೂ ಸೇರುತ್ತಿತ್ತು. ಹೊಸ ಯಂತ್ರ ಜಾಲಕ್ಕೆ ಸೇರಬೇಕಾದರೆ ಒಂದು ನೆರೆಮನೆಯಾದರೂ ಅದರ ಪರ ಸಾಕ್ಷಿ ಹೇಳಬೇಕು. ಕಾರ್ಖಾನೆಯವರು ತನ್ನನ್ನು ಹೆದರಿಸಿ ತೆರೆಸಬಾರದೆಂದು ಅವಳು ತನಗೂ ಕೀಲಿಕೈ ಇಟ್ಟುಕೊಂಡಿರಲಿಲ್ಲ. ಮುಚ್ಚಿದ್ದನ್ನು ತೆರೆಯಬೇಕಾದರೆ ಆಯಾ ಮನೆಯವರೇ ಕೈಯಾರೆ ತೆರೆಯಬೇಕು.

ಆ ಮಧ್ಯಾಹ್ನ ದೀಪ ಕೆಂಪಾಗಿಸಿದ ಕೈ ಯಾರದೆಂದು ಸಂಜೆಗೆ ತಿಳಿಯಿತು. ಬಡಾವಣೆಯ ಅಂಚಿನಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಧನುಷ್ ಮೋಕಾನದು.

ಯರ್ರಿಸ್ವಾಮಿ ಜನ ಕಟ್ಟಿಕೊಂಡು ಅವನ ಬಾಗಿಲಿಗೆ ಹೋದ. “ನಮ್ಮ ಉಸಿರು ಎಷ್ಟಕ್ಕ ಮಾರಿದಿ ಡಾಕ್ಟರಾ?”

“ಮಾರಿಲ್ಲ. ಬಣ್ಣ ಕುದಿಸೋ ಕೊಪ್ಪರಿಗೆ ಮನಿಯಾಗ ಕೆಲಸ ಮಾಡೋರ ಶ್ವಾಸಕೋಶದಾಗ ಒಂದೇ ನಮೂನಿ ಗಾಯ ಕಾಣಾಕತ್ತೈತಿ. ಎಲ್ಲಾರ ಲೆಕ್ಕ ಕೂಡಿಸಿ ನೋಡಬೇಕಿತ್ತು.”

“ಕೇಳಬೇಕಿತ್ತು.”

“ಎಲ್ಲಾರೂ ಕೇಳೋ ಜಾಲದ ಹಾದಿಯಾಗ ಕೇಳೀನಿ. ಯಂತ್ರ ಕೇಳಿದ್ದು ನಿಮಗ ಕಳ್ಳತನ ಆಯ್ತು.”

“ದಿಡ್ಡಿ ಸುಳ್ಳು ಹೇಳಂಗಿಲ್ಲ,” ಎಂದ ಯರ್ರಿಸ್ವಾಮಿ. ಹಿಂದಿನಿಂದ ಬಂದ ಕಲ್ಲಿಗೆ ಕ್ಲಿನಿಕ್ಕಿನ ಗಾಜು ಒಡೆಯಿತು.

ಅಂದಿನಿಂದ ಕ್ಲಿನಿಕ್ಕಿಗೆ ಯಾರೂ ಹೋಗಲಿಲ್ಲ. ಧನುಷನಿಗೆ ಕಿರಾಣಿ ಅಂಗಡಿಯಲ್ಲಿ ಸಾಮಾನು ಸಿಗಲಿಲ್ಲ. ಅವನು ಹೊಸ ಯಂತ್ರ ಕೊಂಡು ತಂದ. ಸಾಕ್ಷಿ ಹೇಳುವ ಮನೆ ಒಂದೂ ಇರಲಿಲ್ಲ. ಬೇಹುಗಾರರಿಗೆಂದು ಕಟ್ಟಿದ ಗೋಡೆಯನ್ನು ಜನ ಬೀದಿಗೂ ತಂದಿದ್ದರು. ಜಗಳವಾಡಿದ ನೆಂಟರ ಗುರುತನ್ನೂ ಕೆಲವರು ಕೈಯಾರೆ ಪಟ್ಟಿಗೆ ಸೇರಿಸಿದರು. ಯಾಕೆಂದು ಪೆಟ್ಟಿಗೆ ಕೇಳುತ್ತಿರಲಿಲ್ಲ.

ಧನುಷ್ ಸಿಂಚನಾಳನ್ನು ಕಾಲೇಜಿಗೇ ಬಂದು ಕಂಡ. ಕೂರೆಂದರೂ ಕೂರಲಿಲ್ಲ. ದಿಡ್ಡಿ ಮುಚ್ಚುವ ಮೊದಲು ಸಿಕ್ಕಷ್ಟು ಲೆಕ್ಕವನ್ನು ಪರದೆಯ ಮೇಲೆ ಹರವಿದ. ಹೊಸ ನೀಲಿ ಬಣ್ಣ ಬಂದ ಮೇಲೆ ಕೊಪ್ಪರಿಗೆ ಮನೆಯವರ ಉಸಿರು ಮೆಟ್ಟಿಲಿಳಿದಂತೆ ಇಳಿದಿತ್ತು.

“ಈಗ ಬಿಟ್ಟು ಹೊರಗ ಬಂದ್ರ ಉಳೀತಾರ. ತಡ ಆದ್ರ ಗಾಯ ಗಟ್ಟಿಯಾಗ್ತದ, ಆಮ್ಯಾಲೆ ಔಷಧಿ ಇಲ್ಲ. ನಿಮ್ಮ ದಿಡ್ಡಿ ತಗೀರಿ.”

“ನನ್ನ ಕೈಯಲ್ಲಿಲ್ಲ.”

“ಯಾರ ಕೈಯಾಗೂ ಇಲ್ಲದ ಬಾಗಿಲ ಮಾಡೀರಿ. ಭಾಳ ಚಲೋ ಆತು,” ಎಂದು ಹೇಳಿ ಅವನು ಹೊರಟುಹೋದ.

ಮಾತು ಅವಳಿಗೆ ನಾಟಿತು. ಸಿಟ್ಟೂ ಬಂತು. ಆದರೂ ಅವನು ತೋರಿಸಿ ಬಿಟ್ಟುಹೋದ ವರದಿಯನ್ನು ಅಂದೇ ತನ್ನ ಯಂತ್ರದಿಂದ ನೀಲಿಪೇಟೆಯ ಎಲ್ಲ ಮನೆಗಳಿಗೂ ಕಳಿಸಿದಳು. ಒಂದೇ ಸಲಕ್ಕೆ ಎಲ್ಲರ ಬಾಗಿಲು ತಟ್ಟಿದ ಯಂತ್ರವನ್ನು ದಿಡ್ಡಿ ಏನೆಂದು ತಿಳಿಯುತ್ತದೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವರದಿ ಯಾವ ಮನೆಯನ್ನೂ ಮುಟ್ಟಲಿಲ್ಲ. ಅವಳೇ ಕಟ್ಟಿದ ಗೋಡೆಯ ಹೊರಗೆ ಅವಳು ಬಿದ್ದಳು.

ಕಾಗದದ ಮೇಲೆ ವರದಿ ಹಿಡಿದು ಅವಳು ಸಂಘದ ಸಭೆಗೆ ಹೋದಳು. ಯರ್ರಿಸ್ವಾಮಿ ಅವಳನ್ನು ವೇದಿಕೆ ಹತ್ತಲು ಬಿಡಲಿಲ್ಲ.

“ದಿಡ್ಡಿ ತಪ್ಪು ಮಾಡಂಗಿಲ್ಲ ಅಂತ ಇಲ್ಲೇ ನಿಂತು ಹೇಳಿದೋರು ನೀವಾ ಅಲ್ಲೇನ್ರಿ?”

“ಹೇಳಿದ್ದೆ. ತಿಳಿಯದೆ ಹೇಳಿದ್ದೆ.”

“ಹಂಗಾದ್ರ ಕಂಪನಿ ನಿಮಗೂ ತಿಳಿಸಿ ಹೇಳ್ಯದ ಅನ್ರಿ.” ಜನ ನಕ್ಕರು. ಅವಳ ಕೈಯ ಕಾಗದಗಳನ್ನು ಯಾರೋ ಕಿತ್ತು ಹರಿದರು.

ಮರುದಿನ ಹುಲಿಗೆಮ್ಮ ಒಬ್ಬಳೇ ಕ್ಲಿನಿಕ್ಕಿಗೆ ನಡೆದುಬಂದಳು. ಅವಳದೂ ಕೊಪ್ಪರಿಗೆ ಮನೆಯ ಕೆಲಸ. ಸಭೆಯಲ್ಲಿ ಕೂತಿದ್ದಾಗಲೇ ಕೆಮ್ಮು ತಡೆಯಲಾಗದೆ ಎದ್ದುಹೋಗಿದ್ದಳು. ಧನುಷ್ ಸಾಮಾನು ಕಟ್ಟುತ್ತಿದ್ದ. ಅವಳು ಕೊರಳ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಬೆರಳು ಒತ್ತಿ ಹಿಡಿದಳು.

“ನಿನ್ನ ಮ್ಯಾಲ ನಂಗ ನಂಬಿಕಿ ಇಲ್ಲ. ನನ್ನ ಕಣ್ಮುಂದ ಓದು. ಓದಿ ವಾಪಸ್ ಕೊಡು.”

ಅವನು ಓದಿದ. ಓದಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಹುಲಿಗೆಮ್ಮ ಆ ವಾರವೇ ಕೊಪ್ಪರಿಗೆ ಮನೆ ಬಿಟ್ಟು ಹೊಲಿಗೆ ವಿಭಾಗಕ್ಕೆ ಹೋದಳು. ಅವಳನ್ನು ನೋಡಿ ಇನ್ನೂ ಕೆಲವು ಹೆಂಗಸರು ಬಿಟ್ಟರು. ಉಳಿದವರು ಬಿಡಲಿಲ್ಲ. ಧನುಷ್ ಸಿಂಧನೂರಿಗೆ ಹೊರಟುಹೋದ. ಬಸ್ಸು ಹತ್ತುವಾಗ ಅವನ ಜೊತೆ ಮಾತಾಡಿದವರು ಯಾರೂ ಇರಲಿಲ್ಲ.

ಬೇಸಿಗೆ ಕಳೆಯುವುದರೊಳಗೆ ಕೊಪ್ಪರಿಗೆ ಮನೆಯಿಂದ ಹೆಣಗಳು ಹೊರಟವು. ಯರ್ರಿಸ್ವಾಮಿಯ ತಮ್ಮ ಮೊದಲೇ ಕೆಲಸ ಕಳೆದುಕೊಂಡಿದ್ದರಿಂದ ಬದುಕಿದ. ಕೊಪ್ಪರಿಗೆ ಮನೆ ಬಿಡದ ಯರ್ರಿಸ್ವಾಮಿ ಮಾತ್ರ ನಾಲ್ಕು ಹೆಜ್ಜೆ ಇಟ್ಟರೆ ನಿಂತು ಉಸಿರೆಳೆದುಕೊಳ್ಳುವಂತಾದ. ಒಂದು ಬೆಳಿಗ್ಗೆ ತನ್ನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಸಿಂಚನಾಳ ಕಾಲೇಜಿನ ಕೋಣೆಗೆ ಬಂದ.

“ತಪ್ಪಾತು ಅನ್ನಾಕ ಬಂದಿಲ್ಲ,” ಎಂದ ಏದುಸಿರಿನಲ್ಲಿ. “ಆ ಡಾಕ್ಟರಗ ಹೇಳ್ರಿ. ನಮ್ಮ ಲೆಕ್ಕ ನೋಡ್ತಾನೇನು ಕೇಳ್ರಿ.”

ಸಿಂಚನಾ ಫೋನ್ ಮಾಡಿದಳು. “ಕಳಿಸಲಿ, ನೋಡ್ತೀನಿ. ಆ ಊರಿಗೆ ಮಾತ್ರ ಕರೀಬ್ಯಾಡ್ರಿ,” ಎಂದು ಧನುಷ್ ಫೋನ್ ಇಟ್ಟ.

ಕಳಿಸಬೇಕಾದರೆ ಅವನ ಗುರುತನ್ನು ಮೊದಲು ಪಟ್ಟಿಯಿಂದ ತೆಗೆಯಬೇಕಿತ್ತು. ಯರ್ರಿಸ್ವಾಮಿ ತನ್ನ ಮನೆಯದನ್ನು ತೆಗೆದು, ಆಮೇಲೆ ಮನೆಮನೆಗೂ ಹೋಗಿ ತೆಗೆಯಿರೆಂದು ಬೇಡಬೇಕಿತ್ತು. ಆ ಉಸಿರಿನಲ್ಲಿ ಎಷ್ಟು ಮನೆ ನಡೆಯುತ್ತಾನೋ. ಸಿಂಚನಾ ಅವನ ಪೆಟ್ಟಿಗೆಯನ್ನು ಪರದೆಗೆ ಜೋಡಿಸಿದಳು. ಪಟ್ಟಿ ಇಳಿಯತೊಡಗಿತು, ಲಕ್ಷಾಂತರ ಅಂಕಿಗಳ ಸಾಲು. ಧನುಷನ ಗುರುತನ್ನು ಹುಡುಕಿ ಯರ್ರಿಸ್ವಾಮಿಯ ಕೈಯಿಂದಲೇ ತೆಗೆಸಿದಳು. ಅವನ ಕಣ್ಣು ಪರದೆಯ ಮೇಲೇ ಇತ್ತು.

“ಇವರೆಲ್ಲಾ ಬೇಹುಗಾರರೇನು?”

“ಗೊತ್ತಿಲ್ಲ. ದಿಡ್ಡಿ ಮಾಡುವಾಗ ನಾನು ಹಳೆಯ ಪಟ್ಟಿಗಳನ್ನೂ ಹಾಗೇ ಸೇರಿಸಿದೆ. ಅದನ್ನು ಮಾಡಿದವರು ಅವರಿಗಿಂತ ಹಳೆಯವರದನ್ನು ಸೇರಿಸಿದ್ದರು.”

ಅವಳು ಪಟ್ಟಿಯ ಆರಂಭಕ್ಕೆ ಹೋದಳು. ಮೊದಲ ಸಾಲುಗಳು ಎರಡು ಸಾವಿರದ ಇಪ್ಪತ್ತರ ದಶಕದವು. ಆ ಕಾಲದ ಜನ ತಮ್ಮ ಕಡತಗಳ ಗುಟ್ಟು ಕಾಯಲು ಯಾರೋ ಬರೆದುಕೊಟ್ಟ ಪಟ್ಟಿಯನ್ನು ತಂದು, ಓದದೆ ತಮ್ಮ ಯಂತ್ರಗಳಿಗೆ ತುಂಬಿಕೊಂಡಿದ್ದರು. ಅದರಲ್ಲಿ ನಿಜವಾದ ಬೇಹುಗಾರರೂ ಇದ್ದಿರಬೇಕು. ಒಂದು ಗ್ರಂಥಾಲಯವೋ, ಒಂದು ಆಸ್ಪತ್ರೆಯೋ, ಪಕ್ಕದ ಬೀದಿಯ ಒಂದು ಮನೆಯೋ ಇದ್ದಿರಬಹುದು. ಕಾರಣ ಬರೆಯುವ ಜಾಗ ಎಲ್ಲ ಸಾಲುಗಳಲ್ಲೂ ಖಾಲಿಯಿತ್ತು.

ಯರ್ರಿಸ್ವಾಮಿ ಮೇಜಿಗೆ ಕೈಯೂರಿ, ಮೊಟ್ಟಮೊದಲ ಸಾಲಿನ ಮೇಲೆ ಬೆರಳಿಟ್ಟ.

“ಇವ ಯಾರು?”

ಸಿಂಚನಾ ಬಹಳ ಹುಡುಕಿದಳು. ಗೊತ್ತಾಗಲಿಲ್ಲ. ತೆಗೆಸಲು ಧೈರ್ಯ ಸಾಲದೆ ಅದನ್ನು ಹಾಗೇ ಬಿಟ್ಟಳು.