ಮೈಮೇಲೆ ಬಂದ ಖುಷಿ

"ತಾಯೀ, ಶಾಂತ ಆಗವ್ವಾ... ಯಾರು ಏನು ತಪ್ಪು ಮಾಡ್ಯಾರ ಹೇಳು, ನಿನಗ ನಡ್ಕೊಂತೀವಿ..."

ಕಾಲುವೆ ರಸ್ತೆಗೆ ಅಡ್ಡ ನಿಂತಿದ್ದ ಆ ಗಂಡಸನ್ನು ಕಂಡು ಜ್ಯೋತಿಲಕ್ಷ್ಮಿಯ ಕಾಲುಗಳು ಗಕ್ಕನೆ ನಿಂತವು. ಮುಖದಲ್ಲಿ ನಗು ಇನ್ನೂ ಇತ್ತು, ಕೆನ್ನೆಯ ಮೇಲೆ ಕಣ್ಣೀರೂ ಇತ್ತು. ಕಟ್ಟಿದ್ದ ಕೂದಲು ಯಾವಾಗ ಬಿಚ್ಚಿಕೊಂಡಿತೋ ಅವಳಿಗೇ ಗೊತ್ತಿರಲಿಲ್ಲ.

ಅವನು ಗಾದಿಲಿಂಗ. ಬಾದನಹಟ್ಟಿಯಲ್ಲಿ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವವನು. ಬೆಳಿಗ್ಗೆ ಮೆಣಸಿನಕಾಯಿ ಹೊಲಕ್ಕೆ ಹೊರಟಿದ್ದವನು ದೂರದಿಂದ ಇವಳನ್ನು ನೋಡಿ ಗಾಡಿ ನಿಲ್ಲಿಸಿದ್ದ. ಚಪ್ಪಲಿ ಬಿಟ್ಟು, ದೃಷ್ಟಿಗೆಂದು ಇಂಜಿನ್ ಮುಂದೆ ಕಟ್ಟಿದ್ದ ನಿಂಬೆಹಣ್ಣನ್ನೇ ಕಿತ್ತು ತಂದು ಅವಳ ಮುಂದೆ ಹಿಡಿದಿದ್ದ.

"ಏನ್ರೀ ಇದು?"

"ಮೈಮ್ಯಾಲೆ ಅಮ್ಮ ಬಂದಾಳ... ಅದಕ್ಕ..."

"ಯಾರ ಮೈಮ್ಯಾಲೆ?"

"ನಿಮ್ಮ... ನಿನ್ನ ಮೈಮ್ಯಾಲೆ, ತಾಯಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನಾದೀತು ಹೇಳಿ? ಆ ಖುಷಿಗೆ ಅವಳು ಎಷ್ಟು ದಿನದಿಂದ ಕಾದಿದ್ದಳು!

ಬಳ್ಳಾರಿಯಲ್ಲಿ ಓದುವಾಗ ಅವಳು ದಿನವೂ ಕಂಟೋನ್ಮೆಂಟ್ ರಸ್ತೆಗಳಲ್ಲಿ ಓಡುತ್ತಿದ್ದಳು. ಅಲ್ಲಿ ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ. ಕುರುಗೋಡಿನ ರಕ್ತಪರೀಕ್ಷೆ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿ ತನ್ನೂರು ಬಾದನಹಟ್ಟಿಗೆ ಬಂದ ಮೇಲೆ ಈ ಕಾಲುವೆ ರಸ್ತೆಯೇ ಅವಳ ಪಾಲಿಗೆ ಉಳಿದದ್ದು. ಮೊದಮೊದಲು ಉಸಿರು ಸಿಗುವುದಿಲ್ಲ, ಪಕ್ಕೆ ಹಿಡಿಯುತ್ತದೆ, ಸಾಕಪ್ಪಾ ಅನಿಸುತ್ತದೆ. ಆದರೂ ಬಿಡದೆ ಓಡಿದರೆ... ಒಂದೊಂದು ದಿನ, ಎಲ್ಲ ದಿನವೂ ಅಲ್ಲ... ಉಸಿರು ತಾನಾಗಿ ಹದಕ್ಕೆ ಬಂದು, ಕಾಲಿನ ಭಾರ ಇಳಿದು, ಎದೆಯೊಳಗಿಂದ ನಗು ಉಕ್ಕುತ್ತದೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಕಣ್ಣು ತುಂಬುತ್ತದೆ, ಕಂಡವರ ಮೇಲೆಲ್ಲ ಪ್ರೀತಿ ಬರುತ್ತದೆ.

ಅಂಥ ಹೊತ್ತಿನಲ್ಲಿ ಎದುರಿಗೆ ನಿಂಬೆಹಣ್ಣು!

"ಅಮ್ಮನೂ ಇಲ್ಲ, ಯಾರೂ ಇಲ್ಲ. ನಾನು ಓಡಾಕತ್ತಿದ್ದೆ. ಖುಷಿ ಆತು, ನಕ್ಕೆ. ಸರೀರಿ, ದಾರಿ ಬಿಡ್ರಿ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಗಾದಿಲಿಂಗ ಮನೆಗೆ ಹೋಗಿ ತಾಯಿ ವಿರೂಪಮ್ಮನ ಹತ್ತಿರ ಬಾಯಿ ಬಿಟ್ಟ. ವಿರೂಪಮ್ಮನ ಕಿವಿಗೆ ಬಿದ್ದ ಮೇಲೆ ಊರಿಗೆ ಬೇರೆ ಹೇಳಬೇಕೇ? ಸಂಜೆ ಜ್ಯೋತಿ ಕೆಲಸದಿಂದ ಬರುವಷ್ಟರಲ್ಲಿ ಅಂಗಳದ ತುಂಬ ಹೆಂಗಸರು, ಕೈಯಲ್ಲಿ ಕಾಯಿ, ಕುಂಕುಮ. ಒಬ್ಬಳು ಕಳೆದುಹೋದ ಎಮ್ಮೆ ಎಲ್ಲಿದೆ ಎಂದಳು. ಇನ್ನೊಬ್ಬಳು ಮಗಳಿಗೆ ಮಕ್ಕಳು ಯಾವಾಗ ಎಂದಳು.

"ನಾನು ಲ್ಯಾಬಿನಾಕಿ ಬೇ. ಮೈಯಾಗ ರಕ್ತ ಎಷ್ಟೈತಿ ಕೇಳ್ರಿ, ಹೇಳ್ತೀನಿ," ಎಂದು ಜ್ಯೋತಿ ಸಿಡುಕಿದಳು. ಅದಕ್ಕೂ ಅವರು ಕೈ ಮುಗಿದರು.

ಜ್ಯೋತಿಯ ತಾಯಿ ಅಂಬಮ್ಮನಿಗೆ ಇದೆಲ್ಲ ನೋಡಿ ದಿಗಿಲಾಯಿತು. ಮಗಳ ಬೂಟುಗಳನ್ನು ಎತ್ತಿ ಅಟ್ಟಕ್ಕೆ ಹಾಕಿದಳು. "ನಾಳಿಯಿಂದ ಓಡಾದು ಬಂದ್. ಕೇಳ್ಲಿಲ್ಲಂದ್ರ ಕೆಲಸ ಬಿಡಿಸಿ ಸಿರುಗುಪ್ಪಕ್ಕ ನಿಮ್ಮ ಮಾವನ ಮನಿಗೆ ಕಳಿಸ್ತೀನಿ, ನೋಡು ಮತ್ತ."

ಜ್ಯೋತಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಯಿತು. 'ಹೆಣ್ಣು ಅತ್ತರೆ ಯಾಕೆಂದು ಒಬ್ಬರೂ ಕೇಳುವುದಿಲ್ಲ. ನಕ್ಕರೆ ಮಾತ್ರ ಕಾರಣ ಬೇಕೇ? ಬೆವರು ಸುರಿಸಿದವಳು ನಾನು. ಖುಷಿ ಮಾತ್ರ ದೇವರದ್ದೇ?'

ಮರುದಿನ ಸೀದಾ ಗಾದಿಲಿಂಗನ ಟ್ರ್ಯಾಕ್ಟರ್ ಶೆಡ್ಡಿಗೇ ಹೋದಳು.

"ಕಟ್ಟಿದ ಕತಿ ನೀವಾ ಬಿಚ್ರಿ. ಅದು ದೇವರಲ್ಲ ಅಂತ ಮನಿ ಮನಿಗೆ ಹೋಗಿ ಹೇಳ್ರಿ."

"ದೇವರಲ್ಲಂದ್ರ ಮತ್ತೇನು ಅಂತಾರ. ಏನಂತ ಹೇಳ್ಲಿ? ನನಗಾ ಗೊತ್ತಿಲ್ಲ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಅದೇ ಅವಳ ಸಿಟ್ಟನ್ನು ಇನ್ನಷ್ಟು ಏರಿಸಿತು.

"ಹಂಗಾದ್ರ ಓಡಿ ನೋಡ್ರಿ. ಗೊತ್ತಾಗೋತನ ಓಡ್ರಿ."

ಹಠಕ್ಕೆ ಅಂದಿದ್ದಳು. ಅವನು ನಿಜವಾಗಿಯೇ ಓಡತೊಡಗಿದ. ದಿನವೂ ಬೆಳಿಗ್ಗೆ, ಅವಳು ಕುರುಗೋಡು ಬಸ್ಸಿಗೆ ಕಾಯುವ ಜಾಗಕ್ಕೆ ಏದುಸಿರು ಬಿಡುತ್ತಾ ಬಂದು ವರದಿ ಒಪ್ಪಿಸುತ್ತಿದ್ದ.

"ಇವತ್ತೂ ಏನೂ ಬರ್ಲಿಲ್ಲ. ವಾಂತಿ ಅಷ್ಟಾ ಬಂತು."

ನಗಬಾರದೆಂದು ಜ್ಯೋತಿ ತುಟಿ ಕಚ್ಚಿ ಹಿಡಿದಳು. "ಅಷ್ಟು ಜೋರು ಓಡ್ಬ್ಯಾಡ್ರಿ. ಪಕ್ಕದಾಗ ಓಡೋರ ಕೂಡ ಮಾತಾಡಾಕ ಬರಬೇಕು, ಅಷ್ಟು ನಿಧಾನ."

"ಪಕ್ಕದಾಗ ಯಾರೂ ಇಲ್ಲಲ್ಲ..." ಎಂದು ಅವನು ಬೇರೆ ಕಡೆ ನೋಡಿದ. "ಇರಬೇಕಾದೋರ್ನ ಮನ್ಯಾಗ ಕುಂದ್ರಿಸಿದಾಂವ ನಾನಾ. ಅದಕ್ಕಾ ಓಡಾಕತ್ತೀನಿ."

ಬಸ್ಸು ಬಂತು. ಕಿಟಕಿ ಪಕ್ಕ ಕುಳಿತವಳಿಗೆ ತನ್ನ ಮೇಲೇ ರೇಗಿತು. 'ನನಗೆ ಇವನ ಮೇಲೆ ಸಿಟ್ಟಲ್ಲವೇ? ಮತ್ತೆ ಯಾಕೆ ತಿರುತಿರುಗಿ ನೋಡುತ್ತಿದ್ದೇನೆ?'

ಹೀಗೇ ದಿನಗಳು ಹೋದವು. ಒಂದು ಬೆಳಿಗ್ಗೆ ಮನೆ ಮುಂದೆ ಗದ್ದಲ ಕೇಳಿ ಜ್ಯೋತಿ ಹೊರಗೆ ಬಂದಳು.

ಬೆವರಿನಲ್ಲಿ ತೊಯ್ದು ಗಾದಿಲಿಂಗ ನಿಂತಿದ್ದ. ನಗುತ್ತಿದ್ದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸುತ್ತಲೂ ಜನ. ಹಿಂದೆಯೇ ವಿರೂಪಮ್ಮ ಸೆರಗು ಸಿಕ್ಕಿಸಿಕೊಂಡು ಬೈಯುತ್ತಿದ್ದಳು. "ಬೆಳಬೆಳಿಗ್ಗೆ ಕುಡ್ದು ಬಂದೀಯೇನಲೇ? ನಮ್ಮ ಮನಿ ಮರ್ಯಾದಿ ಕಳ್ಯಾಕ ಹುಟ್ಟೀಯೇನು?"

ಒಬ್ಬರ ಕೈಯಲ್ಲೂ ಕಾಯಿಯಿಲ್ಲ, ಕುಂಕುಮವಿಲ್ಲ. ಜ್ಯೋತಿಯ ಸಿಟ್ಟು ನೆತ್ತಿಗೇರಿತು.

"ಚಲೋ ಐತಿ ನಿಮ್ಮ ನ್ಯಾಯ. ನಾನು ನಕ್ರ ದೇವರು, ಇವ್ರು ನಕ್ರ ಎಣ್ಣಿ. ಮನುಷ್ಯಾರು ಸುಮ್ಮನ ಖುಷಿಯಾಗಿ ಇರಬಾರ್ದೇನು?"

ಗಾದಿಲಿಂಗ ಅಂಬಮ್ಮನ ಮುಂದೆ ಬಂದು ನಿಂತ.

"ಯಕ್ಕಾ, ನನ್ನ ಬಾಯಿ ಮೂಸಿ ನೋಡ್ರಿ."

ಅಂಬಮ್ಮ ಹಿಂಜರಿದಳು. ಆಮೇಲೆ ಹತ್ತಿರ ಬಂದು ನಿಜಕ್ಕೂ ಮೂಸಿದಳು. "ಇಲ್ಲಪ್ಪ... ಏನೂ ವಾಸ್ನಿ ಇಲ್ಲ."

"ಬರೇ ಓಡೀನಿ ಯಕ್ಕಾ. ಅವತ್ತು ನಿಮ್ಮ ಮಗಳಿಗೆ ಆಗಿದ್ದೂ ಇದಾ. ನಾನು ತಿಳೀಲಾರದ ಬಾಯಿ ಬಿಟ್ಟೆ. ತಪ್ಪು ನಂದು, ಅವರದಲ್ಲ." ಜನರ ಕಡೆ ತಿರುಗಿದ. "ನಂಬಿಕಿ ಇಲ್ಲಂದ್ರ ನಾಳಿ ನೀವೂ ಓಡಾಕ ಬರ್ರಿ."

ಓಡುವ ಮಾತು ಬಂದ ಕೂಡಲೇ ಎಲ್ಲರಿಗೂ ಮನೆಗೆಲಸ ನೆನಪಾಯಿತು. ಅಂಗಳ ಖಾಲಿಯಾಯಿತು.

ಅಂಬಮ್ಮ ಮಗಳ ಮುಖವನ್ನೇ ನೋಡುತ್ತಾ ನಿಂತಳು. "ಅಷ್ಟು ಖುಷಿ ಆಗ್ತೈತೇನವ್ವ?"

"ಹೂಂ."

"ನನಗ ಹೇಳ್ಲೇ ಇಲ್ಲಲ್ಲ."

"ನೀ ಕೇಳ್ಲೇ ಇಲ್ಲ ಬೇ."

ಅಂಬಮ್ಮ ಒಳಗೆ ಹೋಗಿ ಅಟ್ಟದಿಂದ ಬೂಟು ಇಳಿಸಿ, ಧೂಳು ಒರೆಸಿ, ಹೊಸ್ತಿಲ ಹತ್ತಿರ ಇಟ್ಟಳು.

ಮರುದಿನ ಕಾಲುವೆ ರಸ್ತೆಯ ಅಂಚಿನಲ್ಲಿ ಗಾದಿಲಿಂಗ ಕಾಯುತ್ತಿದ್ದ. ಜ್ಯೋತಿ ಅವನನ್ನು ದಾಟಿ ಓಡಿದಳು. ಅವನು ಪಕ್ಕಕ್ಕೆ ಬಂದು ಸೇರಿಕೊಂಡ.

"ನಿನ್ನೆ ಅದು ಬಂದಾಗ... ಮೊದ್ಲು ನಿಮ್ಮ ಮುಖ ಕಣ್ಮುಂದ ಬಂತು. ಇಡೀ ದಿನ ಹೋಗ್ಲಿಲ್ಲ. ಓಟದ ಖುಷಿ ಅಷ್ಟೊತ್ತು ಇರ್ತೈತೇನ್ರಿ?"

"ಇರಂಗಿಲ್ಲ."

"ಹಂಗಾದ್ರ ಅದು ಓಟದ್ದಲ್ಲ. ನಿಮ್ದು."

ಅವಳ ಓಟದ ಲಯ ತಪ್ಪಿತು. ಆದರೂ ಬಿಡಲಿಲ್ಲ. "ನನ್ನ ಅರ್ಧ ದಾರ್‍ಯಾಗ ನಿಲ್ಸಿದ್ರಿ. ಅದನ್ನ ನಾನು ಮರ್ತಿಲ್ಲ."

"ಮರೀಬ್ಯಾಡ್ರಿ. ಇನ್ನೊಮ್ಮೆ ನಿಲ್ಸಂಗಿಲ್ಲ."

"ಮದಿವಿ ಆದ ಮ್ಯಾಲೂ?"

ಗಾದಿಲಿಂಗನ ಕಾಲುಗಳು ನಿಂತೇಬಿಟ್ಟವು. ಅವಳು ನಿಲ್ಲಲಿಲ್ಲ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ನಾಚಿ, ಮುಖ ಅವನಿಗೆ ಕಾಣಬಾರದೆಂದು ಇನ್ನಷ್ಟು ಜೋರಾಗಿ ಓಡಿದಳು. ಹಿಂದಿನಿಂದ ಅವನ ಹೆಜ್ಜೆಯ ಸದ್ದು ಹತ್ತಿರವಾಯಿತು.

"ಮದಿವಿ ಆದ ಮ್ಯಾಲೂ... ನೀವು ಮುದುಕಿ ಆದ ಮ್ಯಾಲೂ ನಿಲ್ಸಂಗಿಲ್ಲ."

"ಹಂಗಾದ್ರ ಬರ್ರಿ," ಎಂದಳು ಜ್ಯೋತಿ, ಹಿಂತಿರುಗಿ ನೋಡದೆ.